ಪುಣೆಯ ಚಳಿಗೆ ಉಬ್ಬದ ಇಡ್ಲಿ ಹಿಟ್ಟು: ಕೈಗುಣವನ್ನು ಬೈಯಬೇಡಿ

ಪ್ರಶ್ನೆ (ಪುಣೆಯ ವಾಕಡ್‌ನಿಂದ ಓದುಗರೊಬ್ಬರು):

"ನಮಸ್ಕಾರ ಅಣ್ಣ. ನಮ್ಮದು ಕುಂದಾಪುರ ಕಡೆ. ಮದುವೆಯಾಗಿ ವಾಕಡ್‌ಗೆ ಬಂದು ಎರಡು ವರ್ಷವಾಯಿತು. ಅಡುಗೆ ನನಗೆ ಹೊಸದಲ್ಲ. ನೀರುದೋಸೆ ಹೂವಿನ ಹಾಗೆ ಬರುತ್ತದೆ. ಪತ್ರೊಡೆ ಮಾಡಿದರೆ ಪಕ್ಕದ ಮನೆಯ ಮರಾಠಿ ಕಾಕೂ ಇನ್ನೆರಡು ತುಂಡು ಕೇಳಿ ಹಾಕಿಸಿಕೊಳ್ಳುತ್ತಾರೆ. ಇಡ್ಲಿ ಮಾತ್ರ ಕೈಕೊಡುತ್ತಿದೆ. ಮಳೆಗಾಲದವರೆಗೆ ಹೇಗೋ ನಡೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಅಮ್ಮ ಬಂದಿದ್ದಾಗ ಇದೇ ಮಿಕ್ಸಿಯಲ್ಲಿ ರುಬ್ಬಿ ಇದೇ ಪಾತ್ರೆಯಲ್ಲಿ ಇಟ್ಟರು, ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿತ್ತು! ಡಿಸೆಂಬರ್‌ನಿಂದ ನಾನು ಇಟ್ಟ ಹಿಟ್ಟು ಇಟ್ಟಷ್ಟೇ ಇರುತ್ತದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ಹಾಕುತ್ತೇನೆ. ಅಕ್ಕಿ ಇಲ್ಲಿಯ ಇಂದ್ರಾಯಣಿ. ರಾತ್ರಿ ಹತ್ತಕ್ಕೆ ರುಬ್ಬಿ ಬೆಳಿಗ್ಗೆ ಏಳಕ್ಕೆ ಬೇಯಿಸುತ್ತೇನೆ. ಉಪ್ಪು ಹಾಕಿದರೆ ಹುಳಿ ಬರುವುದಿಲ್ಲ ಅಂತ ಯಾರೋ ಹೇಳಿದರು, ಅದನ್ನು ಬೆಳಿಗ್ಗೆ ಹಾಕುತ್ತೇನೆ. ಕಳೆದ ವಾರ ತಲೆಕೆಟ್ಟು ರಾತ್ರಿಯೇ ಒಂದು ಚಮಚ ಸೋಡಾ ಹಾಕಿಟ್ಟೆ. ಇಡ್ಲಿ ಹಳದಿಯಾಗಿ ಸೋಪಿನ ವಾಸನೆ ಬಂತು. ಉಬ್ಬದ ಹಿಟ್ಟಿನ ದೋಸೆಯೂ ಬಿಳಿಚಿಕೊಂಡಿರುತ್ತದೆ. ಅತ್ತೆ ಫೋನಿನಲ್ಲಿ 'ಅದೆಲ್ಲ ಕೈಗುಣ ಮಾರಾಯ್ತಿ' ಅಂದರು. ಇಷ್ಟು ಸಾಲದು ಅಂತ ತೊಗರಿಬೇಳೆ ಆರು ಸೀಟಿ ಹೊಡೆಸಿದರೂ ಬೇಯುವುದಿಲ್ಲ. ಕೈಗುಣ ಅಂತ ನಿಜಕ್ಕೂ ಇದೆಯಾ ಅಣ್ಣ? ಪ್ಯಾಕೆಟ್ ಹಿಟ್ಟಿಗೇ ಶರಣಾಗಲಾ?"

ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ನಗು ಬಂದದ್ದು ಸೋಡಾದ ಕತೆಗೆ. ನಾನೂ ಅದನ್ನು ಮಾಡಿ ಬೈಸಿಕೊಂಡವನೇ. ಬೇಜಾರಾದದ್ದು 'ಕೈಗುಣ' ಅನ್ನುವ ಮಾತಿಗೆ. ಆ ಒಂದು ಮಾತು ಎಷ್ಟು ಹೆಣ್ಣುಮಕ್ಕಳ ಕೈಯಿಂದ ಸೌಟು ಕೆಳಗಿಡಿಸಿದೆಯೋ, ಲೆಕ್ಕವಿಲ್ಲ.

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀರುದೋಸೆ ಚೆನ್ನಾಗಿ ಬರುತ್ತದೆ ಅಂದಿರಿ. ಅದಕ್ಕೆ ಏನೇನು ಬೇಕು? ಅಕ್ಕಿ ನುಣ್ಣಗಾಗಬೇಕು, ನೀರಿನ ಹದ ಗೊತ್ತಿರಬೇಕು, ಕಾವಲಿ ಕಾದದ್ದು ಕಣ್ಣಿಗೆ ತಿಳಿಯಬೇಕು. ಅಷ್ಟೂ ನಿಮಗೆ ಬರುತ್ತದೆ. ನೀರುದೋಸೆಗೆ ಬೇಡದ್ದು ಒಂದೇ, ರಾತ್ರಿಯಿಡೀ ಹುಳಿ ಬರಿಸುವುದು. ಪತ್ರೊಡೆಗೂ ಅದು ಬೇಡ. ಅಂದಮೇಲೆ ಕೈ ಸರಿಯಾಗಿಯೇ ಇದೆ. ಎಡವಟ್ಟು ಆಗುತ್ತಿರುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ನಡುವೆ, ನೀವು ಮಲಗಿರುವಾಗ.

ನಾನು 1984ರಲ್ಲಿ ಮುಂಬಯಿಗೆ ಬಂದವನು. ಹಗಲು ಮಾಟುಂಗಾದ ಒಂದು ಹೋಟೆಲಿನ ಹಿಟ್ಟಿನ ಕೋಣೆ, ಸಂಜೆ ಕನ್ನಡ ರಾತ್ರಿಶಾಲೆ. ಮುಂದೆ ಕ್ಯಾಟರಿಂಗ್ ಓದಿ, ಅದನ್ನೇ ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದೆ. ಆ ಹಿಟ್ಟಿನ ಕೋಣೆಯಲ್ಲಿ ರುಬ್ಬುತ್ತಿದ್ದವರು ನಮ್ಮ ಕಡೆಯವರೇ ಒಬ್ಬ ಅಜ್ಜ. ಮೇ ತಿಂಗಳಲ್ಲಿ ಅವರು ಹಿಟ್ಟಿನ ಡಬ್ಬಗಳನ್ನು ನೀರಿನ ತೊಟ್ಟಿಯೊಳಗೆ ಇಳಿಸಿ, ತೊಟ್ಟಿಗೆ ಐಸ್ ಗಡ್ಡೆ ಹಾಕಿಸುತ್ತಿದ್ದರು. ಇಲ್ಲದಿದ್ದರೆ ಬೆಳಿಗ್ಗೆ ನಾಲ್ಕಕ್ಕೆಲ್ಲ ಹಿಟ್ಟು ಉಕ್ಕಿ ಹುಳಿ ಮೂಗಿಗೆ ಹೊಡೆಯುತ್ತಿತ್ತು. ಜನವರಿಯಲ್ಲಿ ಅದೇ ಡಬ್ಬಗಳು ಚಹಾ ಬಾಯ್ಲರಿನ ಪಕ್ಕ ಗೋಣಿಚೀಲ ಹೊದ್ದು ಕೂರುತ್ತಿದ್ದವು. ರಾತ್ರಿ ಮಲಗುವ ಮೊದಲು ಅಜ್ಜ ಒಂದೊಂದು ಡಬ್ಬಕ್ಕೂ ಅಂಗೈಯ ಹಿಂಬದಿ ತಾಗಿಸಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಗಿರಾಕಿಗಳು ಅವರ ಕೈಗುಣ ಹೊಗಳುತ್ತಿದ್ದರು. ಹೊಗಳುವುದಿದ್ದರೆ ಹೊಗಳಬೇಕಾದದ್ದು ಆ ಮುಟ್ಟಿ ನೋಡುವುದನ್ನು.

ಹಾಗಾದರೆ ಅಕ್ಟೋಬರ್‌ನಲ್ಲಿ ಅಮ್ಮನ ಕೈಗೆ ಹಿಟ್ಟು ಉಬ್ಬಿದ್ದು ಹೇಗೆ? ಅಮ್ಮ ಊರಿನಿಂದ ಬರಿಗೈಯಲ್ಲಿ ಬಂದಿರಲಿಕ್ಕಿಲ್ಲ. ನಮ್ಮ ಕಡೆಯ ಅಮ್ಮಂದಿರು ಮಗಳ ಮನೆಗೆ ಬಂದರೆ ಚೀಲದಲ್ಲಿ ಅಕ್ಕಿ, ಉದ್ದು, ತೆಂಗಿನಕಾಯಿ ಇದ್ದೇ ಇರುತ್ತದೆ. ಫೋನ್ ಮಾಡಿ ಕೇಳಿ. ಅಕ್ಕಿ ಬೇರೆ, ಉದ್ದು ಬೇರೆ, ಮೇಲಿಂದ ಅಕ್ಟೋಬರಿನ ಸೆಕೆ. ಮೂರೂ ಅಮ್ಮನ ಪರವಾಗಿದ್ದವು.

ಈಗ ಹಿಟ್ಟಿನೊಳಗೆ ನಡೆಯುವುದನ್ನು ಹೇಳುತ್ತೇನೆ. ಇದು ಗೊತ್ತಾದರೆ ಮುಂದಿನದು ಸುಲಭ. ಹಿಟ್ಟು ಉಬ್ಬಬೇಕಾದರೆ ಎರಡು ಕೆಲಸ ಆಗಬೇಕು. ಒಂದು, ಗಾಳಿ ಹುಟ್ಟಬೇಕು. ಇನ್ನೊಂದು, ಹುಟ್ಟಿದ ಗಾಳಿ ಹೊರಗೆ ಹೋಗದ ಹಾಗೆ ಹಿಡಿದಿಡಬೇಕು. ಗಾಳಿ ಹುಟ್ಟಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವು ಗಾಳಿಯಿಂದಲೋ ನಿಮ್ಮ ಕೈಯಿಂದಲೋ ಹಾರಿ ಬರುವುದಲ್ಲ, ಹೆಚ್ಚಿನವು ಉದ್ದಿನ ಜೊತೆಗೇ ಬರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು 1965ರಲ್ಲೇ ಇಡ್ಲಿ ಹಿಟ್ಟನ್ನು ಪರೀಕ್ಷೆ ಮಾಡಿ, ಉಬ್ಬಿಸುವ ಕೆಲಸದಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಅಂತ ತೋರಿಸಿತು. ಹೆಸರು ಮರೆತರೂ ಅಡ್ಡಿಯಿಲ್ಲ. ಅದು ಸಕ್ಕರೆ ಅಂಶ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಹಿಡಿದಿಡುವ ಕೆಲಸ ಉದ್ದಿನ ಲೋಳೆಯದ್ದು ಮತ್ತು ಪ್ರೋಟೀನಿನದ್ದು. ಅಕ್ಕಿಗೆ ಆ ಶಕ್ತಿ ಇಲ್ಲ. ನಿಮ್ಮ ಮನೆಯಲ್ಲಿ ಎರಡೂ ಕೆಲಸ ಕೆಟ್ಟಿದೆ ಅಂತ ನನ್ನ ಅಂದಾಜು.

ಮೊದಲು ಚಳಿ. ಈ ಬ್ಯಾಕ್ಟೀರಿಯಾಗಳಿಗೆ 28ರಿಂದ 32 ಡಿಗ್ರಿ ಹದವಾದ ಬಿಸಿ. ಅಷ್ಟಿದ್ದರೆ ಎಂಟರಿಂದ ಹತ್ತು ಗಂಟೆಯಲ್ಲಿ ಹಿಟ್ಟು ದುಪ್ಪಟ್ಟಾಗುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಘಟ್ಟದ ಆಚೆ ಇದೆ. ಡಿಸೆಂಬರ್, ಜನವರಿ ರಾತ್ರಿ ಅಲ್ಲಿ 10-12 ಡಿಗ್ರಿಗೆ ಇಳಿಯುವುದು ಮಾಮೂಲು. ನಮ್ಮ ಮುಂಬಯಿಯಲ್ಲಿ ಅದೇ ರಾತ್ರಿ 17-18ರ ಆಸುಪಾಸು ಇರುತ್ತದೆ. ಕುಂದಾಪುರದಲ್ಲಿ ಅದಕ್ಕಿಂತಲೂ ಬೆಚ್ಚಗೆ. ಮನೆಯೊಳಗೆ ಅಷ್ಟು ಚಳಿ ಇಲ್ಲದಿದ್ದರೂ ನಿಮ್ಮ ಅಡುಗೆಮನೆಯ ಕಡಪಾ ಕಟ್ಟೆಯ ಮೇಲೆ ಹೆಚ್ಚೆಂದರೆ 18-20 ಇದ್ದೀತು. ಆ ಬಿಸಿಯಲ್ಲಿ ಹಿಟ್ಟು ಉಬ್ಬದೇ ಇರುವುದಿಲ್ಲ, ಆದರೆ 18-20 ಗಂಟೆ ಬೇಕಾಗುತ್ತದೆ. ನೀವು ಕೊಡುತ್ತಿರುವುದು ಒಂಬತ್ತು ಗಂಟೆ. ಅರ್ಧ ದಾರಿಯಲ್ಲಿ ಬಸ್ಸಿನಿಂದ ಇಳಿಸಿ, ಊರು ಯಾಕೆ ಬರಲಿಲ್ಲ ಅಂತ ಕೇಳಿದ ಹಾಗಾಯಿತು.

ಇನ್ನು ಉದ್ದು. ನೀವು ಬಳಸುವುದು ಒಡೆದ ಬೇಳೆ ಅಂತ ಕಾಣುತ್ತದೆ. ಒಡೆದದ್ದು, ಅದರಲ್ಲೂ ವರ್ಷ ಹಳೆಯದು, ನೊರೆ ಕಟ್ಟುವುದು ಕಡಿಮೆ. ಸಿಪ್ಪೆ ತೆಗೆದ ಗುಂಡು ಉದ್ದು ತನ್ನಿ. ಪುಣೆಯ ಅಂಗಡಿಯಲ್ಲಿ 'ಉಡೀದ್ ಗೋಟಾ' ಅಂದರೆ ಕೊಡುತ್ತಾರೆ. ನಾಲ್ಕೈದು ಗಂಟೆ ನೆನೆಯಲಿ. ಗ್ರೈಂಡರಿನಲ್ಲಿ ಉದ್ದು ನಿಧಾನಕ್ಕೆ ತಿರುಗಿ ಗಾಳಿ ತುಂಬಿಕೊಂಡು ಬೆಣ್ಣೆಯಾಗುತ್ತದೆ. ಮಿಕ್ಸಿಯ ಬ್ಲೇಡು ಅದನ್ನು ಕತ್ತರಿಸುತ್ತದೆ, ಬಿಸಿಯನ್ನೂ ಮಾಡುತ್ತದೆ. ಬಿಸಿಯಾದ ಉದ್ದು ನೊರೆ ಕಳೆದುಕೊಳ್ಳುತ್ತದೆ. ಹಾಗಂತ ಮಿಕ್ಸಿ ಬೇಡ ಅಂತಲ್ಲ, ಅಮ್ಮ ಅದರಲ್ಲೇ ಮಾಡಿದರಲ್ಲ. ಒಂದೇ ಸಲ ತುಂಬಬೇಡಿ, ಎರಡು ಮೂರು ಸರ್ತಿ ಮಾಡಿ. ಫ್ರಿಜ್ಜಿನ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಬದಿ ಕೆರೆದು, ಮತ್ತೆ ತಿರುಗಿಸಿ.

ಸಾಕಾಯಿತೋ ಇಲ್ಲವೋ ಅಂತ ತಿಳಿಯಲು ಹೋಟೆಲಿನ ಪರೀಕ್ಷೆ ಒಂದಿದೆ. ಒಂದು ಲೋಟ ನೀರು ತಗೊಳ್ಳಿ. ಬೆರಳ ತುದಿಯಲ್ಲಿ ಗೋಲಿಯಷ್ಟು ಉದ್ದಿನ ಹಿಟ್ಟು ತೆಗೆದು ಮೆಲ್ಲಗೆ ಬಿಡಿ. ಹಿಟ್ಟು ಒಂದು ಸಲ ಮುಳುಗಿದಂತೆ ಮಾಡಿ ಮೇಲೆ ಬಂದು ತೇಲಿದರೆ ಗಾಳಿ ಹಿಡಿದಿದೆ ಅಂತ ಅರ್ಥ. ತಳಕ್ಕೆ ಹೋಗಿ ಕೂತರೆ ಇನ್ನೂ ರುಬ್ಬಬೇಕು. ನೀರು ಬೆಳ್ಳಗೆ ಕದಡಿ ಹಿಟ್ಟು ಕರಗಿಹೋದರೆ ನೀರು ಜಾಸ್ತಿಯಾಗಿದೆ, ಆ ದಿನ ದೋಸೆ ಮಾಡುವುದೇ ಒಳ್ಳೆಯದು. ಉದ್ದು ಇಲ್ಲಿ ಸೋತರೆ ಆಮೇಲೆ ಎಷ್ಟು ಬೆಚ್ಚಗಿಟ್ಟರೂ ಇಡ್ಲಿ ಚಪ್ಪಟೆಯೇ. ಹುಳಿ ಬರುತ್ತದೆ, ಆದರೆ ಉಬ್ಬುವುದಿಲ್ಲ.

ಅಕ್ಕಿಯ ಬಗ್ಗೆ ಹೇಳಿದರೆ ನಿಮ್ಮ ಕಾಕೂ ಬೇಜಾರು ಮಾಡಿಕೊಂಡಾರು. ಇಂದ್ರಾಯಣಿ ಒಳ್ಳೆಯ ಅಕ್ಕಿ. ಅಂಬೆಮೋಹರದ ತಳಿಯಿಂದ ಬಂದದ್ದು, ಪರಿಮಳ ಇದೆ. ಬಿಸಿ ಅನ್ನಕ್ಕೆ ತುಪ್ಪ, ವರಣ (ಮರಾಠಿಯವರ ಬೇಳೆ ಸಾರು) ಹಾಕಿ ಕಲಸಿದರೆ ಅದರ ಮುಂದೆ ಬೇರೆ ಇಲ್ಲ. ಆದರೆ ಅದು ಅಂಟು ಅಕ್ಕಿ. ಅಂಟು ಅಕ್ಕಿಯ ಇಡ್ಲಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಹಸಿಯಿದ್ದ ಹಾಗೆ ಅನ್ನಿಸುತ್ತದೆ. ಇಡ್ಲಿಗೆ ಬೇಕಾದದ್ದು ಬೇಯಿಸಿ ಒಣಗಿಸಿದ ಅಕ್ಕಿ. 'ಇಡ್ಲಿ ರೈಸ್' ಅಂತ ಮಾರುವುದು ಅದೇ. ಸಿಗದಿದ್ದರೆ ಕೊಂಕಣದವರ ಅಂಗಡಿಯಲ್ಲಿ 'ಉಕಡಾ ತಾಂದೂಳ' ಕೇಳಿ, ಅದು ನಮ್ಮ ಕುಚ್ಚಲಕ್ಕಿಯ ಅಣ್ಣತಮ್ಮ. ಪುಣೆಯ ರಾಸ್ತಾ ಪೇಟೆ ಕಡೆ ದಕ್ಷಿಣದ ಸಾಮಾನಿನ ಅಂಗಡಿಗಳಿವೆ, ಅಲ್ಲಿ ಅಕ್ಕಿತರಿಯೂ ಸಿಗುತ್ತದೆ. ತರಿ ಆದರೆ ಎರಡು ಲೋಟಕ್ಕೆ ಒಂದು ಲೋಟ ಉದ್ದು. ಅಕ್ಕಿ ರುಬ್ಬುವ ಗೋಳೇ ಇಲ್ಲ. ಅಂಥದ್ದು ಯಾವುದೂ ಸಿಗದ ದಿನ ಕೋಲಮ್ ಅಕ್ಕಿಯಲ್ಲಿ ಮಾಡಿ. ಇಂದ್ರಾಯಣಿಗಿಂತ ಅದು ಎಷ್ಟೋ ವಾಸಿ.

ನಿಮಗೆ ಯಾರು ಯಾರೋ ಹೇಳಿದ ಮಾತುಗಳಿಗೆ ಈಗ ಬರುತ್ತೇನೆ. ಉಪ್ಪು ಹಾಕಿದರೆ ಹುಳಿ ಬರುವುದಿಲ್ಲ ಅನ್ನುವುದು ಸುಳ್ಳು. ಅಯೋಡಿನ್ ಉಪ್ಪಾದರೂ ಅಷ್ಟೇ. ಇಡ್ಲಿಗೆ ರುಚಿಗೆ ಹಾಕುವಷ್ಟು ಉಪ್ಪಿಗೆ ಈ ಬ್ಯಾಕ್ಟೀರಿಯಾ ಹೆದರುವುದಿಲ್ಲ. ಉಪ್ಪು ತೀರಾ ಜಾಸ್ತಿಯಾದರೆ ಮಾತ್ರ ನಿಧಾನವಾಗುತ್ತದೆ. ರಾತ್ರಿಯೇ ಹಾಕಿಬಿಡಿ. ಬೆಳಿಗ್ಗೆ ಹಾಕಿದರೆ ಅದನ್ನು ಕಲಸಲು ಉಬ್ಬಿದ ಹಿಟ್ಟನ್ನು ಕದಡಬೇಕು, ಕದಡಿದರೆ ರಾತ್ರಿಯಿಡೀ ಕಟ್ಟಿದ ಗಾಳಿ ಹೋಯಿತು. ಮೇ ತಿಂಗಳಲ್ಲಿ ಉಪ್ಪನ್ನು ಬೆಳಿಗ್ಗೆ ಹಾಕುವವರಿದ್ದಾರೆ, ಮಾತು ಅಲ್ಲಿಂದ ಹುಟ್ಟಿರಬೇಕು. ಸ್ಟೀಲ್ ಪಾತ್ರೆಯಲ್ಲಿ ಉಬ್ಬುವುದಿಲ್ಲ ಅನ್ನುವುದೂ ಸುಳ್ಳು. ಮೆಂತ್ಯ ಹಾಕಿದರೆ ಹುಳಿ ಬರುತ್ತದೆ ಅನ್ನುವುದು ಅರ್ಧ ನಿಜ. ಅದರ ಲೋಳೆ ಗಾಳಿ ಹಿಡಿದಿಡಲು ಸಹಾಯ ಮಾಡುತ್ತದೆ, ಒಂದು ಚಮಚ ಹಾಕಿ. ಕೈಯಲ್ಲೇ ಕಲಸಬೇಕು ಅನ್ನುತ್ತಾರೆ. ಕಲಸಿ, ಒಳ್ಳೆಯದೇ. ಅಕ್ಕಿ, ಉದ್ದು ಚೆನ್ನಾಗಿ ಬೆರೆಯುತ್ತದೆ, ಹಿಟ್ಟು ತಣ್ಣಗಿದೆಯೋ ಬೆಚ್ಚಗಿದೆಯೋ ಅಂತಲೂ ಗೊತ್ತಾಗುತ್ತದೆ. ಸೌಟಿನಲ್ಲಿ ಕಲಸಿದರೂ ಉಬ್ಬುತ್ತದೆ. ಪುಣೆಯ ಎತ್ತರಕ್ಕೆ ನೀರು 100ರ ಬದಲು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ, ಇಡ್ಲಿಗೆ ಅದೊಂದು ಲೆಕ್ಕವೇ ಅಲ್ಲ. ಕಣ್ಣು ಬಿತ್ತು ಅಂತ ಇನ್ನೂ ಯಾರೂ ಹೇಳಿಲ್ಲ ತಾನೇ?

ಸೋಡಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೋಡಾ ಹುಳಿ ಕಂಡರೆ ತಕ್ಷಣ ಬುರುಬುರು ಅನ್ನುತ್ತದೆ. ಬೇಯಿಸುವ ಹೊತ್ತಿಗೆ ಆ ಬುರುಬುರು ಆದರೆ ಮಾತ್ರ ಉಪಯೋಗ. ನೀವು ಹಾಕಿದ್ದು ರಾತ್ರಿ. ಆಗ ಹಿಟ್ಟಿನಲ್ಲಿ ಹುಳಿಯೇ ಇರಲಿಲ್ಲ. ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಹುಟ್ಟಿದ ಹುಳಿಯನ್ನೆಲ್ಲ ಸೋಡಾ ನುಂಗಿತು. ಗಾಳಿ ಬೆಳಗಾಗುವುದರೊಳಗೆ ಹೋಗಿತ್ತು, ಉಳಿದದ್ದು ಕ್ಷಾರ. ಉದ್ದಿನಲ್ಲಿರುವ ಬಣ್ಣದ ಅಂಶ ಕ್ಷಾರಕ್ಕೆ ಹಳದಿಯಾಗುತ್ತದೆ, ಸೋಪಿನ ವಾಸನೆಯೂ ಅದರದ್ದೇ. ತುರ್ತಿಗೆ ಸೋಡಾ ಬೇಕೇ ಬೇಕು ಅಂದರೆ ಹೀಗೆ ಮಾಡಿ: ಇಡ್ಲಿ ಪಾತ್ರೆಯ ನೀರು ಕುದಿಯುತ್ತಿರಲಿ, ಹಿಟ್ಟಿಗೆ ಎರಡು ಚಮಚ ಹುಳಿ ಮೊಸರು ಸೇರಿಸಿ, ಕಾಲು ಚಮಚ ಸೋಡಾ ಹಾಕಿ ಎರಡು ಸುತ್ತು ತಿರುಗಿಸಿ, ತಕ್ಷಣ ಒಲೆಗೇರಿಸಿ. ದಿನಾ ಬೇಡ. ಬಿ1 ವಿಟಮಿನ್ ಕ್ಷಾರದಲ್ಲಿ ಉಳಿಯುವುದಿಲ್ಲ. ಸೋಡಾದಲ್ಲೂ ಈನೋದಂಥ 'ಫ್ರೂಟ್ ಸಾಲ್ಟ್' ಪುಡಿಯಲ್ಲೂ ಸೋಡಿಯಂ ಇದೆ, ಮನೆಯಲ್ಲಿ ಬಿಪಿ ಇರುವವರಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಸೋಡಾ ಇಡ್ಲಿಯೇ ತಿನ್ನುವ ಆಸೆಯಾದರೆ ಮರ್ಯಾದೆಯಾಗಿ ರವೆ ಇಡ್ಲಿ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಕಂಡುಹಿಡಿದದ್ದು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುವ ತಿಂಡಿ ಅದು. ಅದಕ್ಕೆ ಸೋಡಾ ಹಾಕಿದರೆ ಯಾರೂ ಬೈಯುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಎಲ್ಲಕ್ಕಿಂತ ಸುಲಭದ್ದು ಹೊತ್ತು ಬದಲಿಸುವುದು. ರಾತ್ರಿ ಹತ್ತಕ್ಕೆ ರುಬ್ಬುವ ಬದಲು ಮಧ್ಯಾಹ್ನ ರುಬ್ಬಿ. ಕೆಲಸಕ್ಕೆ ಹೋಗುವವರಾದರೆ ಬೆಳಿಗ್ಗೆ ಹೊರಡುವ ಮೊದಲು ರುಬ್ಬಿಟ್ಟು ಮರುದಿನಕ್ಕೆ ಅಂದುಕೊಳ್ಳಿ. ಪುಣೆಯ ಚಳಿಗಾಲದಲ್ಲಿ ಹಗಲು 29-30 ಡಿಗ್ರಿ ಇರುತ್ತದೆ, ಪುಕ್ಕಟೆ ಬಿಸಿ ಅದು. ಹಿಟ್ಟು ಶುರುವಿನಲ್ಲೇ ಬೆಚ್ಚಗಿರುವ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಉದ್ದಿಗೆ ತಣ್ಣೀರು ಅಂದೆನಲ್ಲ, ಅಕ್ಕಿ ರುಬ್ಬುವಾಗ ಉಗುರುಬೆಚ್ಚಗಿನ ನೀರು ಹಾಕಿ. ಎರಡೂ ಸೇರಿಸಿ ಕಲಸಿದ ಹಿಟ್ಟಿಗೆ ಬೆರಳು ಅದ್ದಿದರೆ ತಣ್ಣಗೂ ಇಲ್ಲ, ಬಿಸಿಯೂ ಇಲ್ಲ ಅನ್ನಿಸಬೇಕು. ತಣ್ಣಗಿನ ಹಿಟ್ಟಿಗೆ ಕಂಬಳಿ ಹೊದಿಸಿ ಏನೂ ಉಪಯೋಗವಿಲ್ಲ. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿ ಕಾಯುತ್ತದೆ ಅಷ್ಟೇ. ತಣ್ಣಗಿದ್ದರೆ ತಣ್ಣಗಿರುವುದನ್ನೇ ಕಾಯುತ್ತದೆ.

ಆಮೇಲೆ ಬೆಚ್ಚಗಿನ ಗೂಡು. ಥರ್ಮೋಕೋಲ್ ಡಬ್ಬವೋ ಪಿಕ್‌ನಿಕ್‌ಗೆ ಒಯ್ಯುವ ಐಸ್ ಬಾಕ್ಸೋ ಇದ್ದರೆ ಹಿಟ್ಟಿನ ಪಾತ್ರೆಯ ಪಕ್ಕ ಬಿಸಿನೀರು ತುಂಬಿದ ಎರಡು ಸ್ಟೀಲ್ ಬಾಟಲಿ ಇಟ್ಟು ಮುಚ್ಚಿ. ಮೈಕ್ರೋವೇವ್ ಇದ್ದರೆ ಸ್ವಿಚ್ ಹಾಕದೆ ಒಳಗೆ ಹಿಟ್ಟು, ಪಕ್ಕಕ್ಕೆ ಒಂದು ಪಾತ್ರೆ ಕುದಿನೀರು ಇಟ್ಟು ಬಾಗಿಲು ಹಾಕಿ. ದೀಪವಿರುವ ಓವನ್ ಆದರೆ ದೀಪ ಹೊತ್ತಿಸಿಟ್ಟರೆ ಸಾಕು, ಆದರೆ ಅದು ಹಳೆಯ ತಂತಿಯ ಬಲ್ಬ್ ಆಗಿರಬೇಕು, ಎಲ್‌ಇಡಿ ಬಿಸಿಯಾಗುವುದಿಲ್ಲ. ಈ ಉಪಾಯದಲ್ಲಿ ಒಂದು ಅಪಾಯ ಇದೆ, ಅನುಭವದಿಂದ ಹೇಳುತ್ತೇನೆ. ಒಮ್ಮೆ ನಮ್ಮ ಡೊಂಬಿವಲಿ ಮನೆಯಲ್ಲಿ ಹಿಟ್ಟನ್ನು ಪ್ಲಾಸ್ಟಿಕ್ ಮುಚ್ಚಳದ ಡಬ್ಬದಲ್ಲಿ ಓವನ್ನಿನೊಳಗೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ಮಗಳು ಎದ್ದು ಟೋಸ್ಟ್ ಮಾಡೋಣ ಅಂತ ಒಳಗೆ ನೋಡದೆ 200 ಡಿಗ್ರಿಗೆ ತಿರುಗಿಸಿದಳು. ಮುಚ್ಚಳ ಕರಗಿ ಹಿಟ್ಟಿನ ಮೇಲೆ ಇಳಿದಿತ್ತು. ಕ್ಯಾಟರಿಂಗ್ ಕಲಿಸುವವನ ಮನೆ! ಅಂದಿನಿಂದ ಓವನ್ನಿನ ಗುಬುಟಿಗೆ ಒಂದು ಚೀಟಿ ಅಂಟಿಸುತ್ತೇನೆ.

ರೈಸ್ ಕುಕರಿನ 'ವಾರ್ಮ್' ಗುಂಡಿ ಮಾತ್ರ ಬೇಡ. ಅದು ಅನ್ನವನ್ನು 60 ಡಿಗ್ರಿಗಿಂತ ಮೇಲೆ ಇಡುವುದಕ್ಕೆ ಮಾಡಿದ್ದು. ಹಿಟ್ಟು ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ಬದಿಯ ಹಿಟ್ಟು ಬೆಂದು ಗಂಟಾಗುತ್ತದೆ. ಕರೆಂಟ್ ಕುಕರುಗಳಲ್ಲಿ ಮೊಸರಿನ ಗುಂಡಿ ಇದ್ದರೆ ಅದು ಸುಮಾರು 40 ಡಿಗ್ರಿ. ಅಷ್ಟರಲ್ಲಿ ಹುಳಿ ಬೇಗ ಏರುತ್ತದೆ, ಆದರೆ ಗಾಳಿ ಕಟ್ಟುವವು ಹಿಂದೆ ಬೀಳುತ್ತವೆ. ಬಳಸುವುದಾದರೆ ಇಟ್ಟು ನಾಲ್ಕೈದು ಗಂಟೆಯಾಗುತ್ತಲೇ ತೆರೆದು ನೋಡಿ.

ಹೆಪ್ಪು ಹಾಕಬಹುದಾ ಅಂದರೆ, ಖಂಡಿತ ಹಾಕಬಹುದು. ಹಿಂದಿನ ಸಲದ ಚೆನ್ನಾಗಿ ಉಬ್ಬಿದ ಹಿಟ್ಟು ಒಂದು ಸೌಟು ಫ್ರಿಜ್ಜಿನಲ್ಲಿಟ್ಟು ಹೊಸದಕ್ಕೆ ಬೆರೆಸಿ. ಉಬ್ಬಲು ಬೇಕಾದ ಹೊತ್ತಿನಲ್ಲಿ ಎರಡು ಮೂರು ಗಂಟೆ ಉಳಿತಾಯವಾಗುತ್ತದೆ. ಹಳೆ ಹಿಟ್ಟು ಹಾಳಾಗಿದ್ದರೆ ಹೊಸದೂ ಹಾಳಾಗುತ್ತದೆ ಅನ್ನುವುದು ನೆನಪಿರಲಿ, ಹುಳಿಯೂ ಒಂದು ಕೈ ಮುಂದಿರುತ್ತದೆ. ನಿಮ್ಮ ಹಿಟ್ಟೇ ಉಬ್ಬುತ್ತಿಲ್ಲವಾದ್ದರಿಂದ ಮೊದಲ ಸಲಕ್ಕೆ ಎರಡು ಚಮಚ ಹುಳಿ ಮಜ್ಜಿಗೆ ಹಾಕಿ. ಇದೇನು ಹೊಸ ಕಿತಾಪತಿ ಅಲ್ಲ. ಸುಮಾರು 1025ರ ಹೊತ್ತಿಗೆ ಎರಡನೇ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಇಡ್ಲಿಗೆ ಉದ್ದನ್ನು ನೆನೆಸುವುದೇ ಮಜ್ಜಿಗೆಯಲ್ಲಿ. ಆಗ ಅದರಲ್ಲಿ ಅಕ್ಕಿ ಇರಲಿಲ್ಲ. ಬ್ರೆಡ್ಡಿನ ಯೀಸ್ಟ್ ಹಾಕುವವರೂ ಇದ್ದಾರೆ. ಉಬ್ಬುತ್ತದೆ, ಸುಳ್ಳಲ್ಲ. ಆದರೆ ಇಡ್ಲಿಯ ಹದವಾದ ಹುಳಿ ಬರುವುದಿಲ್ಲ, ಪಾವ್ ಅಂಗಡಿಯ ವಾಸನೆ ಬರುತ್ತದೆ. ನನಗೆ ಹಿಡಿಸುವುದಿಲ್ಲ.

ಪ್ಯಾಕೆಟ್ ಹಿಟ್ಟು ತಂದರೆ ನಾಚಿಕೆಯೇನೂ ಇಲ್ಲ. ಮನೆಯಲ್ಲಿ ಹುಷಾರಿಲ್ಲ, ನೆಂಟರು ಬಂದರು, ಆಗ ಅದೇ ದೇವರು. ತಯಾರಾದ ತಾರೀಖು ನೋಡಿ, ಅಂಗಡಿಯ ಫ್ರಿಜ್ಜಿನೊಳಗಿನದನ್ನೇ ಎತ್ತಿಕೊಳ್ಳಿ. ಹೊರಗೆ ಬುಟ್ಟಿಯಲ್ಲಿಟ್ಟು, ಚೆಂಡಿನ ಹಾಗೆ ಊದಿದ ಪ್ಯಾಕೆಟ್ ಬೇಡ. ಮನೆಯದಾಗಲಿ ಅಂಗಡಿಯದಾಗಲಿ, ಮೇಲೆ ಗುಲಾಬಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಅಷ್ಟನ್ನೂ ಚೆಲ್ಲಿ. ಚುಕ್ಕೆ ತೆಗೆದು ಉಳಿದದ್ದು ಬಳಸುವ ಲೆಕ್ಕಾಚಾರ ಬೇಡ. ಉಬ್ಬಿದ ಮೇಲೆ ಫ್ರಿಜ್ಜಿನಲ್ಲಿಟ್ಟ ಹಿಟ್ಟನ್ನು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಉಬ್ಬಿದ್ದು ತಿಳಿಯುವುದು ಹೇಗೆ? ಹಿಟ್ಟು ತುಂಬಿದ ಮಟ್ಟಕ್ಕೆ ಪಾತ್ರೆಯ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಬೆಳಿಗ್ಗೆ ಅಂದಾಜಿನ ಜಗಳವೇ ಇರುವುದಿಲ್ಲ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಸೌಟು ಇಳಿಸಿದಾಗ ಹಿಟ್ಟು ಜೇನುಗೂಡಿನ ಹಾಗೆ ಒಡೆಯಬೇಕು, ಕಿವಿ ಕೊಟ್ಟರೆ ಚಿರ್ ಅಂತ ಸಣ್ಣ ಸದ್ದೂ ಕೇಳುತ್ತದೆ. ಇಡ್ಲಿಗೆ ಮೇಲಿನಿಂದ ತಿರುಗಿಸದೆ ಎತ್ತಿ ಹಾಕಿ. ನೀರು ಕುದಿಯುವ ಮೊದಲು ತಟ್ಟೆ ಇಳಿಸಬೇಡಿ. ಹತ್ತು ಹನ್ನೆರಡು ನಿಮಿಷ ಸಾಕು. ಇಳಿಸಿ ಐದು ನಿಮಿಷ ಆರಲು ಬಿಟ್ಟು, ಒದ್ದೆ ಚಮಚದಲ್ಲಿ ಬಿಡಿಸಿ. ಬಿಸಿಬಿಸಿ ಎಬ್ಬಿಸಿದರೆ ಎಂಥ ಇಡ್ಲಿಯೂ ತಟ್ಟೆಗೆ ಅಂಟುತ್ತದೆ.

ದೋಸೆ ಬಿಳಿಚಿಕೊಳ್ಳುವುದಕ್ಕೂ ಕಾರಣ ಇದೇ. ಹಿಟ್ಟು ಹುದುಗು ಬರುವಾಗ ಸಿಹಿಯ ಅಂಶವೂ ಪ್ರೋಟೀನು ಒಡೆದ ಚೂರುಗಳೂ ಬಿಡುಗಡೆಯಾಗುತ್ತವೆ, ಕಾವಲಿಯ ಮೇಲೆ ಕೆಂಪಾಗುವುದು ಅವೇ. ಹಿಟ್ಟು ಸರಿಹೋದರೆ ಬಣ್ಣ ತಾನೇ ಬರುತ್ತದೆ. ಅಲ್ಲಿಯವರೆಗೆ ಒಂದು ಚಮಚ ಸಕ್ಕರೆ ಹಾಕಿ ಮುಖ ಉಳಿಸಿಕೊಳ್ಳಿ.

ತೊಗರಿಬೇಳೆ ಬೇರೆಯೇ ಕೇಸು. ಇಲ್ಲಿ ನನ್ನ ಅನುಮಾನ ನೀರಿನ ಮೇಲೆ. ವಾಕಡ್‌ಗೆ ಪವನಾ ಅಣೆಕಟ್ಟಿನ ನೀರು ಬರುತ್ತದೆ, ಆದರೆ ಆ ಕಡೆಯ ಸೊಸೈಟಿಗಳು ಅದು ಸಾಲದೆ ಟ್ಯಾಂಕರ್ ತರಿಸುತ್ತವೆ. ಟ್ಯಾಂಕರಿಗೆ ತುಂಬುವುದು ಹೆಚ್ಚಾಗಿ ಬೋರ್‌ವೆಲ್ ನೀರು. ಕಪ್ಪು ಬಂಡೆಯ ನೆಲದ ಆ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದು ಬೇಳೆಯ ಒಳಗಿನ ಅಂಟಿನ ಜೊತೆ ಗಟ್ಟಿಯಾಗಿ ಕೂತುಬಿಡುತ್ತದೆ. ನಲ್ಲಿಯ ಬಾಯಲ್ಲಿ, ಗೀಸರಿನಲ್ಲಿ ಬಿಳಿ ಪದರ ಕಟ್ಟಿದ್ದರೆ ಇದೇ ಅಂತ ತಿಳಿಯಿರಿ. ಇಡ್ಲಿ ಹಿಟ್ಟಿಗೆ ಈ ನೀರಿನಿಂದ ದೊಡ್ಡ ತೊಂದರೆಯಿಲ್ಲ, ಬೇಳೆಗೆ ಇದೆ. ಬೇಳೆಯನ್ನು ಅರ್ಧ ಗಂಟೆ ಆರ್‌ಓ ನೀರಿನಲ್ಲಿ ನೆನೆಸಿ, ಅದೇ ನೀರಿನಲ್ಲಿ ಬೇಯಿಸಿ. ಹುಣಸೆ, ಟೊಮೇಟೊ ಬೇಳೆ ಬೆಂದ ಮೇಲೆಯೇ ಹಾಕಿ, ಹುಳಿಯಲ್ಲೂ ಅದು ಬೇಯುವುದಿಲ್ಲ. ಇಷ್ಟಾದರೂ ಕಾಳುಕಾಳಾಗಿಯೇ ಉಳಿದರೆ ಬೇಳೆ ಹಳೆಯದು, ಅಂಗಡಿ ಬದಲಿಸಿ.

ಮುಂದಿನ ಶನಿವಾರ ಒಂದೇ ಸಲ ಎಲ್ಲವನ್ನೂ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೊದಲ ವಾರ ಅದೇ ಅಕ್ಕಿ, ಅದೇ ಬೇಳೆ, ಬೆಚ್ಚಗಿನ ಗೂಡು ಮಾತ್ರ ಹೊಸದು. ಉಬ್ಬಿ, ಆದರೂ ಇಡ್ಲಿ ಅಂಟಾದರೆ ಎರಡನೇ ವಾರ ಅಕ್ಕಿ ಬದಲಿಸಿ. ಹುಳಿ ಬಂದೂ ಉಬ್ಬದಿದ್ದರೆ ಉದ್ದು. ಮೆಡಿಕಲ್ ಅಂಗಡಿಯ ಜ್ವರದ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಗೋಡೆಗೆ ತೂಗುಹಾಕುವಂಥದ್ದೋ ಅಡುಗೆಯದ್ದೋ ಒಂದು ತಂದು ಗೂಡಿನೊಳಗೆ ಇಡಿ. ರಾತ್ರಿ ಮಲಗುವಾಗ, ಬೆಳಿಗ್ಗೆ ಎದ್ದಾಗ ಎಷ್ಟಿತ್ತು ಅಂತ ಬರೆದುಕೊಂಡು ನನಗೆ ಕಳಿಸಿ.

ಆ ಶನಿವಾರವೂ ಉಬ್ಬದಿದ್ದರೆ ಹಿಟ್ಟು ಚೆಲ್ಲಬೇಡಿ. ನಿಮ್ಮ ಕಾಕೂ ಮನೆಯಲ್ಲಿ ಅಪ್ಪೆ ಪಾತ್ರ ಇದ್ದೇ ಇರುತ್ತದೆ, ನಮ್ಮ ಗುಳಿಯಪ್ಪದ ಕಾವಲಿಯೇ ಅದು. ಕೇಳಿ ತನ್ನಿ. ಹಿಟ್ಟಿಗೆ ಈರುಳ್ಳಿ, ಹಸಿಮೆಣಸು, ಕಾಯಿಚೂರು, ಕರಿಬೇವು ಹಾಕಿ ಗುಳಿಗೊಂದು ಚಮಚ ಎಣ್ಣೆ ಬಿಟ್ಟು ಹುಯ್ಯಿರಿ. ಪಾತ್ರ ವಾಪಸ್ ಕೊಡುವಾಗ ಅದರಲ್ಲಿ ನಾಲ್ಕು ಇಟ್ಟು ಕೊಡಿ.